ಹಳೆ ಕರೆಂಟ್ ವೈರುಗಳಿಗೆ ಬೆಂಕಿ ಹಚ್ಚಿದರೆ ನಷ್ಟ ಯಾರಿಗೆ?

ಬಸವನಗುಡಿ, ಮಲ್ಲೇಶ್ವರದ ಹಳೆ ಮನೆಗಳ ವೈರಿಂಗ್ ಬದಲಿಸುವುದು ನನ್ನ ಕೆಲಸ. ಮುಗಿದ ದಿನ ಮೂಲೆಯಲ್ಲಿ ಒಂದು ಮೂಟೆ ಹಳೆ ವೈರು ಉಳಿಯುತ್ತದೆ. ಮನೆಯವರ ಪ್ರಶ್ನೆ ಒಂದೇ: "ಇದರಲ್ಲಿ ಎಷ್ಟು ತಾಮ್ರ ಬರುತ್ತೆ ಸರ್?"

ಲೆಕ್ಕ ಸುಲಭ. ನಾವು 1.5 ಎಂಎಂ ಅಂತ ಕರೆಯುವ (ಅಂದರೆ ತಾಮ್ರದ ಅಡ್ಡಕೊಯ್ತ 1.5 ಚದರ ಮಿಲಿಮೀಟರ್ ಇರುವ) ವೈರಿನ 90 ಮೀಟರ್ ಸುರುಳಿಯಲ್ಲಿ ಸುಮಾರು 1.2 ಕಿಲೋ ತಾಮ್ರ ಇರುತ್ತದೆ. 2.5 ಎಂಎಂ ಆದರೆ ಸುಮಾರು 2 ಕಿಲೋ. ಉಳಿದದ್ದು ಸಿಪ್ಪೆ.

ಅದು ತಾಮ್ರ ಹೌದೋ ಅಲ್ಲವೋ ಅಂತ ಮೊದಲು ನೋಡಬೇಕು. ಬಿಳಿ ಕಂಡ ಕೂಡಲೇ ಅಲ್ಯೂಮಿನಿಯಂ ಅಂದುಕೊಂಡು ಎಸೆಯಬೇಡಿ. ಹಳೆ ರಬ್ಬರ್ ವೈರಿನಲ್ಲಿ ತಾಮ್ರಕ್ಕೆ ತವರ ಬಳಿದಿರುತ್ತಿದ್ದರು. ರಬ್ಬರಿನಲ್ಲಿರುವ ಗಂಧಕ ತಾಮ್ರವನ್ನು ತಿನ್ನಬಾರದು ಅಂತ. ಪಾತ್ರೆಗೆ ಕಲಾಯಿ ಹಾಕಿಸುತ್ತಿದ್ದೆವಲ್ಲ, ಹಾಗೆ. ಬ್ಲೇಡಿನಿಂದ ಕೆರೆದರೆ ಒಳಗಿನ ಕೆಂಪು ಕಾಣುತ್ತದೆ. ಇದರ ಉಲ್ಟಾ ಕೂಡ ಇದೆ. ಕೆಲವು ಅಗ್ಗದ ನೆಟ್‌ವರ್ಕ್ ಕೇಬಲ್ ಹೊರಗೆ ತಾಮ್ರ, ಒಳಗೆ ಅಲ್ಯೂಮಿನಿಯಂ. ಡಿಶ್ ಕೇಬಲ್ಲಿನ ನಡುವಿನ ತಂತಿಗೆ ಆಯಸ್ಕಾಂತ ಹಿಡಿಯಿರಿ. ಅಂಟಿಕೊಂಡರೆ ಅದು ತಾಮ್ರದ ಲೇಪ ಹಾಕಿದ ಉಕ್ಕು.

ಇನ್ನು ಸಿಪ್ಪೆ ತೆಗೆಯಲು ಸುಡುವ ವಿಷಯ. ನನ್ನ ಜೊತೆಗಿದ್ದ ಹುಡುಗ ಒಮ್ಮೆ ನನಗೆ ಹೇಳದೆ ಖಾಲಿ ಸೈಟಿನಲ್ಲಿ ಮೂಟೆಗೆ ಬೆಂಕಿ ಹಚ್ಚಿದ. ಪಕ್ಕದ ಮನೆ ಅಜ್ಜಿ ಕೆಮ್ಮುತ್ತಲೇ ಬಂದು ಬೈದರು. ಬೈದದ್ದು ಸರಿಯೇ. ಈಗಿನ ವೈರಿನ ಸಿಪ್ಪೆ ಹೆಚ್ಚಾಗಿ ಪಿವಿಸಿ ಅನ್ನೋ ಪ್ಲಾಸ್ಟಿಕ್. ಶುದ್ಧ ಪಿವಿಸಿಯ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ಕ್ಲೋರಿನ್. ಸುಟ್ಟರೆ ಕಣ್ಣು, ಗಂಟಲು ಉರಿಸುವ ಆಮ್ಲದ ಹೊಗೆ ಬರುತ್ತದೆ. ಡಯಾಕ್ಸಿನ್ ಅನ್ನೋ ವಿಷವೂ ಹುಟ್ಟುತ್ತದೆ, ಅದು ಹುಟ್ಟಲು ತಾಮ್ರವೇ ಕುಮ್ಮಕ್ಕು ಕೊಡುತ್ತದೆ. ಇಷ್ಟೆಲ್ಲ ಆದ ಮೇಲೆ ಲಾಭವಾದರೂ ಬಂತಾ? ಇಲ್ಲ. ಸುಟ್ಟ ತಾಮ್ರ ಕಪ್ಪಗಾಗಿ ಪುಡಿ ಏಳುತ್ತದೆ. ಗುಜರಿಯವರು ಅದಕ್ಕೆ ಕಡಿಮೆ ರೇಟು ಕಟ್ಟುತ್ತಾರೆ. ಸುಲಿದ, ಹೊಳೆಯುವ ತಂತಿಗೇ ಒಳ್ಳೆ ಬೆಲೆ.

ಸುಲಿಯಲು ದೊಡ್ಡ ಮಷೀನು ಬೇಡ. ಹಲಗೆಯಲ್ಲಿ ಉದ್ದಕ್ಕೆ ಒಂದು ಸಣ್ಣ ತೋಡು ಕೊರೆದು ವೈರು ಕೂರಿಸಿ, ಚಾಕುವನ್ನು ಮೈಯಿಂದ ಆಚೆಗೆ ತಳ್ಳಿ. ಕೈಗವಸು ಬೇಕೇ ಬೇಕು. ಎಳೆ ಎಳೆಯಾದ ಸಣ್ಣ ವೈರಿಗೆ ಈ ಕಷ್ಟ ಪಡಬೇಡಿ, ಸಿಪ್ಪೆ ಸಮೇತ ಕೊಟ್ಟುಬಿಡಿ. ಅಂಥದ್ದನ್ನು ದೊಡ್ಡ ಮಷೀನಿನಲ್ಲಿ ಕಾಳಿನಂತೆ ಕತ್ತರಿಸಿ, ಭಾರದ ತಾಮ್ರವನ್ನು ಹಗುರ ಪ್ಲಾಸ್ಟಿಕ್‌ನಿಂದ ಬೇರೆ ಮಾಡುತ್ತಾರೆ. ಮೊರದಲ್ಲಿ ಕೇರಿದ ಹಾಗೆಯೇ.

ಸಿಪ್ಪೆಯನ್ನು ನಾನು ಬಿಸಾಡುವುದಿಲ್ಲ. ಬೇರೆ ಚೀಲಕ್ಕೆ ತುಂಬಿ ನಾಯಂಡಹಳ್ಳಿ ಕಡೆಯ ಪ್ಲಾಸ್ಟಿಕ್ ಗುಜರಿಗೆ ಕಳಿಸುತ್ತೇನೆ. ತಾಮ್ರ ಜಾಲಿ ಮೊಹಲ್ಲಾದ ಲೋಹದ ಗುಜರಿಗೆ. ಬೆಂಕಿ ಹಚ್ಚಿದ ಹುಡುಗ ಈಗ ಸುಲಿಯುವುದರಲ್ಲಿ ನನಗಿಂತ ಚುರುಕು. ಮೊನ್ನೆ ಕೆಲಸದ ಮನೆಯಲ್ಲಿ ಒಂದು ಕಡೆ ಅಮ್ಮನವರು ಅವರೆಕಾಯಿ ಸುಲಿಯುತ್ತಿದ್ದರು, ಇನ್ನೊಂದು ಕಡೆ ಇವನು ವೈರು. ಅವರ ಬುಟ್ಟಿ ತುಂಬುವ ಮೊದಲೇ ಇವನ ಮೂಟೆ ಖಾಲಿ.