ಪಿಆರ್‌ಪಿ ಇಂಜೆಕ್ಷನ್ ಕೊಡಿಸಿದರೆ ಮಂಡಿ ಸವೆತ ಸರಿಹೋಗುತ್ತಾ?

ಪ್ರಶ್ನೆ: ಅಮ್ಮನಿಗೆ 63 ವರ್ಷ, ಎರಡೂ ಮಂಡಿ ನೋವು. ಎಕ್ಸ್‌ರೇ ನೋಡಿದವರು ಸವೆತ ಶುರುವಾಗಿದೆ ಎಂದರು. ಪಿಆರ್‌ಪಿ ಎಂಬ, ಅವರದೇ ರಕ್ತದಿಂದ ತಯಾರಿಸುವ ಇಂಜೆಕ್ಷನ್ ಕೊಟ್ಟರೆ ಕಾರ್ಟಿಲೇಜ್ ಮತ್ತೆ ಬೆಳೆಯುತ್ತದೆ, ಆಪರೇಷನ್ನೇ ಬೇಡ ಅಂತ ಒಂದು ಕ್ಲಿನಿಕ್‌ನವರು ಹೇಳುತ್ತಿದ್ದಾರೆ. ಕೊಡಿಸಬಹುದಾ?
– ಓದುಗರು, ಬಸವನಗುಡಿ

ಉತ್ತರ: ಕೆಲವರಿಗೆ ಕೆಲವು ತಿಂಗಳು ನೋವು ಕಡಿಮೆಯಾಗಬಹುದು. ಆದರೆ ಸವೆದದ್ದು ಮತ್ತೆ ಬೆಳೆಯುತ್ತದೆ ಎಂಬ ಮಾತು ನಂಬಿ ದುಡ್ಡು ಕಟ್ಟಬೇಡಿ.

ಕಾರ್ಟಿಲೇಜ್ ಅಂದರೆ ಮೂಳೆಯ ತುದಿಯಲ್ಲಿರುವ ನುಣುಪಾದ ಪದರ. ಅದರಲ್ಲಿ ರಕ್ತನಾಳಗಳಿಲ್ಲ. ಕೈ ಕೊಯ್ದುಕೊಂಡರೆ ಗಾಯ ತಾನಾಗಿ ಮಾಯುತ್ತದೆ, ಅಲ್ವಾ? ಇಲ್ಲಿ ಆ ಅನುಕೂಲವಿಲ್ಲ. ಕೀಲಿನೊಳಗಿನ ದ್ರವವೇ ಇದಕ್ಕೆ ಆಹಾರ. ಹೆಜ್ಜೆ ಊರಿದಾಗ ಪದರ ಒತ್ತಿಕೊಳ್ಳುತ್ತದೆ, ಎತ್ತಿದಾಗ ಸಡಿಲವಾಗುತ್ತದೆ. ಹೀಗೆ ದ್ರವ ಒಳಗೆ ಹೋಗಿ ಬರುತ್ತದೆ. ನೋವು ಅಂತ ಕೂತುಬಿಟ್ಟರೆ ಅದೂ ಸರಿಯಾಗಿ ಸಿಗುವುದಿಲ್ಲ.

ಪಿಆರ್‌ಪಿಯಲ್ಲಿ ಅಮ್ಮನ ತೋಳಿನಿಂದಲೇ ರಕ್ತ ತೆಗೆದು ಸೆಂಟ್ರಿಫ್ಯೂಜ್ ಯಂತ್ರದಲ್ಲಿ ಗಿರ್ರನೆ ತಿರುಗಿಸುತ್ತಾರೆ. ಕೆಂಪು ಕಣಗಳು ತಳಕ್ಕೆ ಇಳಿಯುತ್ತವೆ. ಮೇಲೆ ನಿಂತ ಹಳದಿ ದ್ರವದಲ್ಲಿ, ಗಾಯ ಮಾಯಲು ನೆರವಾಗುವ ಕಣಗಳಾದ ಪ್ಲೇಟ್‌ಲೆಟ್ ಜಾಸ್ತಿ ಇರುವ ಭಾಗವನ್ನು ಮಂಡಿಗೆ ಚುಚ್ಚುತ್ತಾರೆ. ತಯಾರಿಸುವ ಕ್ರಮ ಎಲ್ಲ ಕಡೆ ಒಂದೇ ಇಲ್ಲ, ಹಾಗಾಗಿ ಸಿಗುವ ಔಷಧವೂ ಒಂದೇ ಅಲ್ಲ. 2021ರಲ್ಲಿ ಆಸ್ಟ್ರೇಲಿಯಾದಲ್ಲಿ 288 ಜನರ ಮೇಲೆ ನಡೆದ ಪರೀಕ್ಷೆಯಲ್ಲಿ ಅರ್ಧ ಜನಕ್ಕೆ ಪಿಆರ್‌ಪಿ, ಉಳಿದವರಿಗೆ ಬರೀ ಸಲೈನ್, ಅಂದರೆ ಉಪ್ಪುನೀರು ಕೊಟ್ಟರು. ಒಂದು ವರ್ಷದ ನಂತರ ನೋಡಿದರೆ ನೋವಿನಲ್ಲೂ, ಕಾರ್ಟಿಲೇಜ್ ಪ್ರಮಾಣದಲ್ಲೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಗುಣ ಕಂಡಿದೆ ಎನ್ನುವ ಸಣ್ಣ ಅಧ್ಯಯನಗಳೂ ಇವೆ, ಅದಕ್ಕೇ ವೈದ್ಯರಲ್ಲಿ ಒಮ್ಮತವಿಲ್ಲ.

ಮುಂದೆ ಸ್ಟೆಮ್ ಸೆಲ್ (ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಮೂಲ ಕೋಶ) ಮಾತು ಬರಬಹುದು. 2023ರಲ್ಲಿ ಪ್ರಕಟವಾದ ಅಮೆರಿಕದ ಪರೀಕ್ಷೆಯೊಂದರಲ್ಲಿ ಮೂಳೆಮಜ್ಜೆ, ಕೊಬ್ಬು, ಹೊಕ್ಕುಳಬಳ್ಳಿ ಹೀಗೆ ಮೂರು ಮೂಲದ ಕೋಶಗಳನ್ನು ಸಾಮಾನ್ಯ ಸ್ಟೆರಾಯ್ಡ್ ಇಂಜೆಕ್ಷನ್ ಜೊತೆ ಹೋಲಿಸಿದರು. ವರ್ಷದ ಕೊನೆಗೆ ಯಾವುದೂ ಅದಕ್ಕಿಂತ ಮೇಲಾಗಿರಲಿಲ್ಲ. ನಮ್ಮ ಬೆಂಗಳೂರಿನದೇ ಸ್ಟೆಂಪ್ಯೂಟಿಕ್ಸ್ ಕಂಪನಿ ದಾನಿಗಳ ಮೂಳೆಮಜ್ಜೆಯಿಂದ ತಯಾರಿಸಿದ ಒಂದು ಔಷಧಕ್ಕೆ 2022ರಲ್ಲಿ ಮಂಡಿ ಸವೆತಕ್ಕಾಗಿ ಕೇಂದ್ರದ ಅನುಮತಿ ಸಿಕ್ಕಿದ್ದು ನಿಜ. ಆದರೆ ರೋಗಿಯದೇ ಹೊಟ್ಟೆಯ ಕೊಬ್ಬು ತೆಗೆದು ಕ್ಲಿನಿಕ್ಕಿನಲ್ಲೇ ಮಂಡಿಗೆ ಚುಚ್ಚುವವರಿಗೂ ಆ ಅನುಮತಿಗೂ ಸಂಬಂಧವಿಲ್ಲ. ಯಾವ ಉತ್ಪನ್ನ, ಯಾವ ಅನುಮತಿ ಅಂತ ಬರಹದಲ್ಲಿ ಕೇಳಿ.

ಹಾಗಾದರೆ ಮಾಡೋದೇನು? ತೊಡೆಯ ಮುಂಭಾಗದ ಸ್ನಾಯು ಗಟ್ಟಿ ಮಾಡಿಸಿ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಖರ್ಚಿಲ್ಲದ್ದು ಅಂತ ಎಲ್ಲರೂ ಇದನ್ನೇ ಬಿಟ್ಟುಬಿಡುತ್ತಾರೆ. ಅಮ್ಮ ಚಾಪೆಯ ಮೇಲೆ ಅಂಗಾತ ಮಲಗಲಿ. ಒಂದು ಮಂಡಿ ಮಡಚಿರಲಿ, ಇನ್ನೊಂದು ಕಾಲು ನೇರ. ತೊಡೆ ಬಿಗಿ ಹಿಡಿದು ಆ ಕಾಲನ್ನು ಒಂದಡಿ ಎತ್ತಿ, ಐದು ಎಣಿಸಿ, ನಿಧಾನ ಇಳಿಸಲಿ. ಧಪ್ಪಂತ ಬಿಡಬಾರದು. ಒಂದೊಂದು ಕಾಲಿಗೆ ಹತ್ತು ಸಲ. ಆಮೇಲೆ ಗಟ್ಟಿಯಾದ ಕುರ್ಚಿಯಿಂದ ಕೈ ಊರದೆ ಏಳುವುದು, ಕೂರುವುದು. ಮೊದಲ ವಾರ ಕುರ್ಚಿ ಮೇಲೊಂದು ದಿಂಬು ಹಾಕಿದರೆ ಸುಲಭ. ಒಂದೆರಡು ಸಲ ಫಿಸಿಯೋ ಹತ್ತಿರ ತೋರಿಸಿಕೊಂಡರೆ ತಪ್ಪು ಅಭ್ಯಾಸ ಆಗುವುದಿಲ್ಲ.

ತೂಕ ಜಾಸ್ತಿ ಇದ್ದರೆ ಇಳಿಸಲಿ. 1 ಕೆ.ಜಿ. ಇಳಿದರೆ ಪ್ರತಿ ಹೆಜ್ಜೆಗೂ ಮಂಡಿ ಮೇಲೆ ಸುಮಾರು 4 ಕೆ.ಜಿ. ಭಾರ ಕಡಿಮೆಯಾಗುತ್ತದೆ. ಸೊಪ್ಪು ಬಿಡಿಸುವುದು, ತರಕಾರಿ ಹೆಚ್ಚುವುದು ನೆಲದಿಂದ ಮೇಜಿಗೆ ಬರಲಿ. ಲಾಲ್‌ಬಾಗ್‌ನಲ್ಲಿ ಕೆರೆ ಸುತ್ತಲಿನ ಸಮತಟ್ಟು ದಾರಿ ಚೆನ್ನ, ಬಂಡೆ ಹತ್ತುವುದು ಸದ್ಯಕ್ಕೆ ಬೇಡ.

ಮೂರು ತಿಂಗಳು ಇದನ್ನೆಲ್ಲ ಮಾಡಿಯೂ ನೋವು ಕಾಡಿದರೆ ಪಿಆರ್‌ಪಿ ಬಗ್ಗೆ ಯೋಚಿಸಬಹುದು, ನೋವಿಗೆ ಮಾತ್ರ ಅಂತ ತಿಳಿದುಕೊಂಡು. ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುತ್ತಿದ್ದರೆ ಮೊದಲೇ ಹೇಳಿ. ಕಾಲು ಸೊಟ್ಟಗಾಗಿದ್ದರೆ, ರಾತ್ರಿ ನೋವಿಗೆ ನಿದ್ದೆ ಬರದಿದ್ದರೆ ಮಂಡಿ ಬದಲಿಸುವ ಆಪರೇಷನ್ ಬಗ್ಗೆ ಮಾತಾಡುವುದೇ ಸರಿ. ಇನ್ನೊಬ್ಬ ವೈದ್ಯರ ಅಭಿಪ್ರಾಯ ಬೇಕಿದ್ದರೆ ಜಯನಗರದ ಸರ್ಕಾರಿ ಸಂಜಯ ಗಾಂಧಿ ಆಸ್ಪತ್ರೆ ನಿಮಗೆ ಹತ್ತಿರ. ಎಕ್ಸ್‌ರೇ ಫಿಲಂ, ಈಗ ತಗೊಳ್ಳುತ್ತಿರುವ ಮಾತ್ರೆಗಳ ಚೀಟಿ ಎರಡನ್ನೂ ಒಯ್ಯಿರಿ.