ಪದ ಪರಿಚಯ: ವಾಯುಭಾರ ಕುಸಿತ

ನವೆಂಬರ್, ಡಿಸೆಂಬರ್ ಬಂತೆಂದರೆ ಕೊಡಗಿನ ಕಾಫಿ ಬೆಳೆಗಾರರ ಬಾಯಲ್ಲಿ ಮತ್ತೆ ಮತ್ತೆ ಬರುವ ಮಾತು ‘ವಾಯುಭಾರ ಕುಸಿತ’. ಸಮುದ್ರದ ಮೇಲೆ ಒಂದು ಕಡೆ ಗಾಳಿಯ ಒತ್ತಡ ಸುತ್ತಲಿಗಿಂತ ಕಡಿಮೆಯಾದಾಗ ಎಲ್ಲ ದಿಕ್ಕಿನಿಂದ ಗಾಳಿ ಅಲ್ಲಿಗೆ ನುಗ್ಗುತ್ತದೆ. ಭೂಮಿ ತಿರುಗುತ್ತಿರುವುದರಿಂದ ನೇರವಾಗಿ ನುಗ್ಗದೆ, ನಮ್ಮ ಉತ್ತರಾರ್ಧಗೋಳದಲ್ಲಿ ಗಡಿಯಾರದ ಮುಳ್ಳಿಗೆ ವಿರುದ್ಧ ದಿಕ್ಕಿನಲ್ಲಿ ಸುತ್ತು ಹಾಕುತ್ತದೆ. ಕಡಲ ನೀರು 26.5 ಡಿಗ್ರಿ ಸೆಲ್ಸಿಯಸ್‌ಗಿಂತ ಬೆಚ್ಚಗಿದ್ದರೆ ಅಲ್ಲಿಂದ ಏಳುವ ಆವಿಯೇ ಅದರ ಮೇವು.

ಪತ್ರಿಕೆಗಳಲ್ಲಿ ಕುಸಿತ, ಚಂಡಮಾರುತ ಎರಡೂ ಒಂದೇ ಎಂಬಂತೆ ಬರುತ್ತವೆ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಅವು ಬೇರೆ ಬೇರೆ ಹಂತಗಳು. ಗಾಳಿಯ ವೇಗ ಗಂಟೆಗೆ 31ರಿಂದ 49 ಕಿ.ಮೀ. ಇದ್ದರೆ ವಾಯುಭಾರ ಕುಸಿತ, 50ರಿಂದ 61 ಇದ್ದರೆ ತೀವ್ರ ವಾಯುಭಾರ ಕುಸಿತ, 62 ಮುಟ್ಟಿದರೆ ಚಂಡಮಾರುತ. ಹೆಸರಿಡುವುದು ಆಗಲೇ. ಹೀಗೆ ಏರುತ್ತಾ 222 ಕಿ.ಮೀ. ದಾಟಿದ್ದು ಸೂಪರ್ ಚಂಡಮಾರುತ.

ಇದೆಲ್ಲ ಗಾಳಿಯ ಅಳತೆ. ಕೊಡಗಿಗೆ ಬೇಕಾದದ್ದು ಮಳೆಯ ಅಳತೆ. ಬಂಗಾಳ ಕೊಲ್ಲಿಯಲ್ಲಿ ಎದ್ದದ್ದು ದಡ ದಾಟಿದ ಕೂಡಲೇ ಬೆಚ್ಚಗಿನ ಕಡಲು ತಪ್ಪಿ, ನೆಲಕ್ಕೆ ಉಜ್ಜಿ ಗಾಳಿಯ ಜೋರು ಇಳಿಯುತ್ತದೆ; ಮೋಡದಲ್ಲಿ ತುಂಬಿಕೊಂಡ ನೀರು ಅಷ್ಟು ಬೇಗ ಖಾಲಿಯಾಗುವುದಿಲ್ಲ. ಪಶ್ಚಿಮಕ್ಕೆ ಸರಿದ ಆ ಮೋಡ ಘಟ್ಟ ಹತ್ತುವಾಗ ಮತ್ತೆ ಸುರಿಯುತ್ತದೆ. 2024ರ ನವೆಂಬರ್ 30ರಂದು ಪುದುಚೇರಿ ಬಳಿ ದಡ ಸೇರಿದ ಫೆಂಗಲ್ ಚಂಡಮಾರುತ ದುರ್ಬಲಗೊಂಡು ತಮಿಳುನಾಡನ್ನು ಹಾದು ಅರಬ್ಬೀ ಸಮುದ್ರದ ಕಡೆ ಹೋಯಿತು. ಕೊಡಗಿನಲ್ಲಿ ಕಾಫಿ ಒಣಗಿಸುವ ಕಣಗಳು ಒದ್ದೆಯಾದದ್ದು ಡಿಸೆಂಬರ್ ಮೊದಲ ದಿನಗಳಲ್ಲಿ. ‘ಚಂಡಮಾರುತ ದಡ ದಾಟಿತು’ ಎಂದು ಟಿ.ವಿ.ಯವರು ಸುಮ್ಮನಾಗುವ ಹೊತ್ತಿಗೆ ನಮ್ಮಲ್ಲಿ ಕೆಲಸ ಶುರುವಾಗಬೇಕು.

ಅರಬ್ಬೀ ಸಮುದ್ರದಲ್ಲಿ ಎದ್ದದ್ದರ ದಾರಿ ಬೇರೆ. 2021ರ ಮೇ ತಿಂಗಳ ತೌಕ್ತೆ ಚಂಡಮಾರುತ ಕರ್ನಾಟಕದ ಕರಾವಳಿಯ ಪಕ್ಕದಲ್ಲೇ ಉತ್ತರಕ್ಕೆ ಹೋಯಿತು. ಅಂಥದ್ದರಲ್ಲಿ ಮಳೆಯ ಜೊತೆ ಗಾಳಿಯ ಭಯವೂ ಇದೆ: ತೋಟಕ್ಕೆ ನೆರಳು ಕೊಡುವ ಸಿಲ್ವರ್ ಓಕ್ ಮರ ಮುರಿಯುತ್ತದೆ, ಕರೆಂಟ್ ಕಂಬ ಮಲಗುತ್ತದೆ. ಅಂದಹಾಗೆ, ಕೊಡಗಿನಲ್ಲಿ 2018ರ ಆಗಸ್ಟ್‌ನ ಭೂಕುಸಿತದ ದುರಂತ ಚಂಡಮಾರುತದ್ದಲ್ಲ, ಮುಂಗಾರಿನದ್ದು.

ಮುನ್ಸೂಚನೆಯನ್ನು ಇಂಚಿಗೆ ಬದಲಿಸಿ ಓದಿ. ತೋಟದ ಮಳೆ ಪುಸ್ತಕ ಇರುವುದು ಇಂಚು, ಸೆಂಟಿನಲ್ಲಿ (ಸೆಂಟು ಎಂದರೆ ಇಂಚಿನ ನೂರರಲ್ಲಿ ಒಂದು ಪಾಲು). 24 ಗಂಟೆಯಲ್ಲಿ 64.5 ಮಿ.ಮೀ. ಬಿದ್ದರೆ ‘ಭಾರಿ ಮಳೆ’, ಅಂದರೆ ಎರಡೂವರೆ ಇಂಚು. 115.6 ಮಿ.ಮೀ. ‘ಅತಿ ಭಾರಿ’, ನಾಲ್ಕೂವರೆ ಇಂಚು. ಜುಲೈಯಲ್ಲಿ ಎರಡೂವರೆ ಇಂಚನ್ನು ಯಾರೂ ಲೆಕ್ಕಕ್ಕೇ ಇಡುವುದಿಲ್ಲ. ಡಿಸೆಂಬರ್‌ನಲ್ಲಿ ಅರ್ಧ ಇಂಚೂ ದುಬಾರಿ, ಏಕೆಂದರೆ ಅರೇಬಿಕಾ ಕಾಫಿ ಹಣ್ಣಾಗಿರುತ್ತದೆ. ಒಣಗಿದ ನೆಲದ ಗಿಡ ಒಮ್ಮೆಲೇ ನೀರು ಹೀರಿದಾಗ ಹಣ್ಣು ಒಡೆಯುತ್ತದೆ, ಉದುರುತ್ತದೆ. ಆದ್ದರಿಂದ ಮುನ್ಸೂಚನೆ ಸಿಕ್ಕ ದಿನವೇ ಪೂರ್ತಿ ಹಣ್ಣಾದದ್ದನ್ನು ಕುಯ್ಯಿರಿ. ಆದರೆ ಸೂರಿನಡಿ ಹರಡಲು ಎಷ್ಟು ಜಾಗ ಇದೆಯೋ ಅಷ್ಟನ್ನೇ ಪಲ್ಪ್ ಮಾಡಿ, ಅಂದರೆ ಹಣ್ಣಿನ ಸಿಪ್ಪೆ ತೆಗೆಯಿರಿ.

ಸಾವಿರ ಚದರ ಅಡಿ ಕಣದ ಮೇಲೆ ಒಂದು ಇಂಚು ಮಳೆ ಎಂದರೆ ಸುಮಾರು 2,360 ಲೀಟರ್ ನೀರು. ಅದು ಹೋಗಲು ದಾರಿ ಇಲ್ಲದಿದ್ದರೆ ಎಂಥ ಟಾರ್ಪಾಲೂ ಉಳಿಸದು, ಕೆಳಗಿನಿಂದ ನುಗ್ಗುತ್ತದೆ. ಕಾಫಿಯನ್ನು ಇಳಿಜಾರಿನ ಉದ್ದಕ್ಕೆ ಸಾಲಾಗಿ ರಾಶಿ ಮಾಡಿ, ಸಾಲುಗಳ ನಡುವೆ ನೀರು ಹರಿಯಲು ಬಿಡಿ. ಅಡ್ಡ ಹಾಕಿದರೆ ರಾಶಿಯೇ ಒಡ್ಡಾಗುತ್ತದೆ. ಟಾರ್ಪಾಲು ಕಾಫಿಗೆ ನೇರ ತಾಗಿದರೆ ಒಳಗೆ ಬೆವರು ಕೂರುತ್ತದೆ. ನಡುವೆ ಒಣ ಗೋಣಿ ಹಾಸಿ, ಮಳೆ ನಿಂತ ಕೂಡಲೇ ತೆಗೆದು ಗಾಳಿಯಾಡಿಸಿ. ಹಸಿ ಪಾರ್ಚ್‌ಮೆಂಟನ್ನು (ಪಲ್ಪ್ ಮಾಡಿದ, ಒಳಪೊರೆ ಉಳಿದಿರುವ ಬೀಜ) ಚೀಲಕ್ಕೆ ತುಂಬಲೇಬೇಡಿ, ಬಿಸಿಯೇರಿ ಹುಳಿ ವಾಸನೆ ಹಿಡಿಯುತ್ತದೆ. ಶೆಡ್ಡಿನೊಳಗೆ ತೆಳ್ಳಗೆ ಹರಡಿ, ಗಂಟೆಗೊಮ್ಮೆ ಕೈಯಾಡಿಸಿ, ಕರೆಂಟಿದ್ದರೆ ಫ್ಯಾನ್ ಬಿಡಿ. ಬೂಷ್ಟು ಬಂದರೆ ಕಾಫಿಯ ರುಚಿ ಕೆಡುವುದಷ್ಟೇ ಅಲ್ಲ, ಓಕ್ರಾಟಾಕ್ಸಿನ್ ಎಂಬ ವಿಷವೂ ಸೇರುವ ಅಪಾಯವಿದೆ. ಪಾರ್ಚ್‌ಮೆಂಟಿನ ತೇವ ಶೇ 10ಕ್ಕೆ ಇಳಿಯುವವರೆಗೆ ಮೋಡ ಕವಿದ ದಿನವನ್ನೂ ಮಳೆಯ ದಿನ ಎಂದೇ ನೋಡಿ.

ಮನೆ, ಕಾರ್ಮಿಕರ ಲೈನ್ ಮನೆಗಳ ಹಿಂದಿನ ಬರೆಯನ್ನು (ಕಡಿದಾದ ಮಣ್ಣಿನ ಗೋಡೆ) ಮಳೆಗೆ ಮೊದಲೇ ಒಮ್ಮೆ ಸುತ್ತಿ ನೋಡಿ. ಬರೆಯ ತಲೆಯ ಮೇಲೆ ನೀರು ನಿಲ್ಲುವ ಗುಂಡಿ ಇರಬಾರದು. ಮೇಲಿನಿಂದ ಬರುವ ನೀರನ್ನು ಚರಂಡಿ ತೋಡಿ ಪಕ್ಕಕ್ಕೆ ತಿರುಗಿಸಿ. ಹೊಸ ಬಿರುಕು, ವಾಲಿದ ಮರ, ತಿಳಿಯಾಗಿದ್ದ ಒರತೆ ಇದ್ದಕ್ಕಿದ್ದಂತೆ ಕೆಂಪಾಗುವುದು, ಇವುಗಳಲ್ಲಿ ಒಂದು ಕಂಡರೂ ರಾತ್ರಿಯಾಗುವ ಮೊದಲು ಜನರನ್ನು ಬೇರೆಡೆ ಕಳಿಸಿ. ಜಿಲ್ಲಾ ಕಂಟ್ರೋಲ್ ರೂಮಿನ ನಂಬರ್ 1077. ತಂತಿ ಬಿದ್ದಿದ್ದರೆ ಹತ್ತಿರ ಹೋಗದೆ 1912ಕ್ಕೆ ಹೇಳಿ. ತಂತಿಗೆ ಸಿಕ್ಕಿಕೊಂಡ ಕೊಂಬೆಯನ್ನು ಕತ್ತಿಯಿಂದ ಬಿಡಿಸಲು ಹೋಗಬೇಡಿ. ಟ್ಯಾಂಕಿಗೆ ನೀರು, ಟಾರ್ಚ್‌ಗೆ ಚಾರ್ಜು, ಇವನ್ನು ಹೇಳಬೇಕಿಲ್ಲ.

ಸುಗ್ಗಿ ಹಬ್ಬವಾದ ಹುತ್ತರಿ ಮುಗಿದು ಭತ್ತದ ಗದ್ದೆ ಕೊಯ್ಲಿಗೆ ನಿಂತಿದ್ದರೆ ಎರಡು ದಿನ ಕಾಯುವುದೇ ಲೇಸು. ನಿಂತ ಪೈರು ಒದ್ದೆಯಾದರೂ ಒಣಗುತ್ತದೆ, ಕೊಯ್ದು ಮಲಗಿಸಿದ್ದು ನೀರಿನಲ್ಲಿ ಮೊಳಕೆಯೊಡೆಯುತ್ತದೆ. ಬದುವಿನ ಕಂಡಿ ಬಿಚ್ಚಿ ನೀರಿಳಿಸಿ. ಮಳೆ ಡಿಸೆಂಬರ್ ಕೊನೆ ಅಥವಾ ಜನವರಿಗೆ ಜಾರಿದರೆ ರೋಬಸ್ಟಾ ಕಾಫಿಯಲ್ಲಿ ಹಣ್ಣಿರುವ ಗಿಡದಲ್ಲೇ ಹೂವೂ ಅರಳುತ್ತದೆ. ಆಗ ಕುಯ್ಲನ್ನು ಹೂ ಬಾಡುವವರೆಗೆ ನಿಲ್ಲಿಸಿ; ಅವಸರಪಟ್ಟರೆ ಈ ವರ್ಷದ ಹಣ್ಣಿನ ಜೊತೆ ಮುಂದಿನ ವರ್ಷದ ಫಸಲೂ ಹೂವಾಗಿಯೇ ಕಿತ್ತು ಕೈಗೆ ಬರುತ್ತದೆ.