ಹಳೆಯ ಸಿ ಕೋಡನ್ನು ಪೈಥಾನ್‌ನಿಂದ ಕರೆಯಬಹುದೇ?

ಪ್ರಶ್ನೆ: ಕೆಆರ್‌ಎಸ್ ಅಣೆಕಟ್ಟೆಯ ನೀರಿನ ಮಟ್ಟವನ್ನು ಅಡಿಗಳಲ್ಲಿ ಕೊಟ್ಟರೆ ಸಂಗ್ರಹ ಎಷ್ಟು ಟಿಎಂಸಿ ಎಂದು ತಿಳಿಸುವ ಫಂಕ್ಷನ್ ಒಂದನ್ನು ನಮ್ಮ ಸೀನಿಯರ್‌ಗಳು ಸಿ ಭಾಷೆಯಲ್ಲಿ ಬರೆದಿಟ್ಟಿದ್ದಾರೆ. ನಮ್ಮ ಪ್ರಾಜೆಕ್ಟ್ ಇರುವುದು ಪೈಥಾನ್‌ನಲ್ಲಿ. ಎಲ್ಲವನ್ನೂ ಹೊಸದಾಗಿ ಬರೆಯಬೇಕೇ?
– ಇಂಜಿನಿಯರಿಂಗ್ ವಿದ್ಯಾರ್ಥಿನಿ, ಮಂಡ್ಯ

ಬೇಡ, ದಯವಿಟ್ಟು ಬರೆಯಬೇಡಿ. ಸರಿಯಾದ ಲೆಕ್ಕ ಕೊಡುತ್ತಿರುವ ಕೋಡನ್ನು ಭಾಷೆ ಬೇರೆ ಎಂಬ ಕಾರಣಕ್ಕೆ ತಿದ್ದಿ ಬರೆದರೆ ಇಲ್ಲದ ತಪ್ಪುಗಳು ನುಸುಳುತ್ತವೆ. ನೀವು ದಿನವೂ ಬಳಸುವ, ಸಂಖ್ಯೆಗಳ ಲೆಕ್ಕಕ್ಕಾಗಿರುವ ಪೈಥಾನ್ ಲೈಬ್ರರಿ ನಂಪೈ ಕೂಡ ತನ್ನ ಭಾರದ ಕೆಲಸವನ್ನು ಸಿ ಕೋಡಿಗೇ ವಹಿಸುತ್ತದೆ.

ಸೀನಿಯರ್‌ಗಳ ಕೋಡನ್ನು ಶೇರ್ಡ್ ಲೈಬ್ರರಿಯಾಗಿ, ಅಂದರೆ ಬೇರೆ ಪ್ರೋಗ್ರಾಮುಗಳೂ ತೆರೆದು ಬಳಸಬಹುದಾದ ಫೈಲಾಗಿ, ಕಂಪೈಲ್ ಮಾಡಿ. ಲಿನಕ್ಸ್‌ನಲ್ಲಾದರೆ ಎಸ್‌ಒ ಫೈಲ್, ವಿಂಡೋಸ್‌ನಲ್ಲಾದರೆ ಡಿಎಲ್‌ಎಲ್ ಸಿಗುತ್ತದೆ. ಅದನ್ನು ತೆರೆಯಲು ಸಿಟೈಪ್ಸ್ (ctypes) ಎಂಬ ಪೈಥಾನ್ ಮಾಡ್ಯೂಲ್ ಸಾಕು. 2006ರಲ್ಲಿ ಬಂದ ಪೈಥಾನ್ 2.5ರಿಂದ ಅದು ಪೈಥಾನ್ ಜೊತೆಗೇ ಬರುತ್ತದೆ. ಪೈಥಾನ್ 64 ಬಿಟ್‌ನದಾದರೆ ಲೈಬ್ರರಿಯೂ 64 ಬಿಟ್‌ನದಾಗಿರಬೇಕು.

ಇಷ್ಟು ಸುಲಭ. ಎಚ್ಚರ ಬೇಕಾದದ್ದು ಇದರ ನಂತರ. ಕಂಪೈಲ್ ಆದ ಫೈಲಿನಲ್ಲಿ ಫಂಕ್ಷನ್ನಿನ ಹೆಸರು ಉಳಿಯುತ್ತದೆ. ಅದು ಎಂಥ ಮೌಲ್ಯ ಬೇಡುತ್ತದೆ, ಎಂಥದ್ದನ್ನು ಹಿಂದಿರುಗಿಸುತ್ತದೆ ಎಂಬ ಮಾಹಿತಿ ಸಿಟೈಪ್ಸ್‌ಗೆ ಅಲ್ಲಿಂದ ಸಿಗುವುದಿಲ್ಲ. ನೀವು ಹೇಳದಿದ್ದರೆ, ಹಿಂದಿರುಗುವುದು ಪೂರ್ಣಾಂಕ ಎಂದೇ ಅದು ಭಾವಿಸುತ್ತದೆ. ನಿಮ್ಮ ಫಂಕ್ಷನ್ ಕೊಡುವುದು ಡಬಲ್, ಅಂದರೆ ದಶಮಾಂಶ ಸಂಖ್ಯೆ. ಇಂದಿನ ಸಾಮಾನ್ಯ ಇಂಟೆಲ್, ಎಎಂಡಿ ಯಂತ್ರಗಳಲ್ಲಿ ಪೂರ್ಣಾಂಕ ಒಂದು ರಿಜಿಸ್ಟರ್‌ನಲ್ಲಿ (ಪ್ರೊಸೆಸರ್ ಒಳಗಿನ ಪುಟ್ಟ ಜಾಗ) ಬಂದರೆ ಡಬಲ್ ಬೇರೆಯದರಲ್ಲಿ ಬರುತ್ತದೆ. ಹಾಗಾಗಿ ಸಿ ಸರಿಯಾದ ಉತ್ತರವನ್ನೇ ಇಟ್ಟಿದ್ದರೂ ಪೈಥಾನ್ ಇನ್ನೊಂದು ಕಡೆ ನೋಡಿ, ಅಲ್ಲಿ ಬಿದ್ದಿದ್ದ ಯಾವುದೋ ಸಂಖ್ಯೆಯನ್ನು ಎತ್ತಿ ತರುತ್ತದೆ. ಕಳುಹಿಸುವ ಮೌಲ್ಯದ ಬಗೆಯನ್ನೂ ಹೇಳದೆ ನೀರಿನ ಮಟ್ಟ 124.80 ಎಂದು ಕಳುಹಿಸಿದರೆ ಕನಿಷ್ಠ ಎರರ್ ಬರುತ್ತದೆ. 124 ಎಂದು ಕಳುಹಿಸಿದರೆ ಅದೂ ಇಲ್ಲ, ತಪ್ಪು ಉತ್ತರ ಸದ್ದಿಲ್ಲದೆ ಬಂದು ಕೂರುತ್ತದೆ. ನನಗೆ ಹೆಚ್ಚು ಭಯ ಹುಟ್ಟಿಸುವುದು ಇದೇ. ಆದ್ದರಿಂದ ಆರ್ಗ್‌ಟೈಪ್ಸ್ (ಕಳುಹಿಸುವ ಮೌಲ್ಯಗಳ ಬಗೆ), ರೆಸ್‌ಟೈಪ್ (ಹಿಂದಿರುಗುವ ಮೌಲ್ಯದ ಬಗೆ) ಎರಡನ್ನೂ ಪ್ರತಿಯೊಂದು ಫಂಕ್ಷನ್ನಿಗೂ ಬರೆಯಿರಿ, ಅಗತ್ಯವಿಲ್ಲ ಎನಿಸಿದಾಗಲೂ.

ಊರಿನ ಹೆಸರುಗಳನ್ನು ಕನ್ನಡದಲ್ಲೇ ಕಳುಹಿಸುವುದಾದರೆ ಇನ್ನೊಂದು ಮಾತು. ‘ಮಂಡ್ಯ’ ಎಂಬ ಪದಕ್ಕೆ ಪೈಥಾನ್ ಕೊಡುವ ಉದ್ದ 5. ಅದೇ ಪದ, ಅಕ್ಷರಗಳನ್ನು ಬೈಟ್‌ಗಳಾಗಿಸುವ ಯುಟಿಎಫ್-8 ವಿಧಾನದಲ್ಲಿ, 15 ಬೈಟ್; ಕೊನೆಯನ್ನು ಸೂಚಿಸುವ ಸೊನ್ನೆಯೂ ಸೇರಿ ಸಿ ಭಾಷೆಗೆ 16 ಬೈಟ್ ಜಾಗ ಬೇಕು. ಇಂಗ್ಲಿಷ್ ಹೆಸರುಗಳನ್ನಷ್ಟೇ ಎಣಿಸಿ 10 ಬೈಟ್ ಕಾದಿರಿಸಿದ ಹಳೆಯ ಕೋಡು ಪಕ್ಕದ ಮೆಮೊರಿಯ ಮೇಲೆ ಬರೆದುಬಿಡಬಹುದು. ಸ್ಟ್ರಿಂಗನ್ನು ಮೊದಲು ಬೈಟ್‌ಗಳಾಗಿ ಎನ್‌ಕೋಡ್ ಮಾಡಿ, ಸಿ ಕಡೆಯ ಅಳತೆಯನ್ನು ನೋಡಿಕೊಂಡು ಕಳುಹಿಸಿ. ಸಿ ಕೋಡು ಮ್ಯಾಲಾಕ್ ಎಂಬ ಫಂಕ್ಷನ್ನಿನ ಮೂಲಕ ಕೇಳಿ ಪಡೆದ ಮೆಮೊರಿಯನ್ನು ಪೈಥಾನ್ ತಾನಾಗಿ ಬಿಡುಗಡೆ ಮಾಡುವುದಿಲ್ಲ. ಅದಕ್ಕೆ ಸಿ ಕಡೆಯಲ್ಲೇ ಫಂಕ್ಷನ್ ಇಡಿ.

ಕೋಡು ಸಿ++ನಲ್ಲಿದ್ದರೆ ಕಂಪೈಲರ್ ಹೆಸರುಗಳನ್ನೇ ಬದಲಿಸುವುದರಿಂದ ‘ಎಕ್ಸ್‌ಟರ್ನ್ ಸಿ’ ಎಂದು ಘೋಷಿಸಬೇಕು.

ಕೊನೆಗೆ, ಅಣೆಕಟ್ಟೆಯ ಗರಿಷ್ಠ ಮಟ್ಟ 124.80 ಅಡಿಯನ್ನೇ ಕೊಟ್ಟು ನೋಡಿ, ಸುಮಾರು 49.45 ಟಿಎಂಸಿ ಬರಬೇಕು. ನಂತರ ಇನ್ನಷ್ಟು ಮಟ್ಟಗಳಿಗೆ ಸಿ ಪ್ರೋಗ್ರಾಮ್ ಕೊಡುವ ಉತ್ತರವನ್ನೂ ಪೈಥಾನ್ ತರುವ ಉತ್ತರವನ್ನೂ ಹೋಲಿಸಿ. ಎರಡೂ ಒಂದೇ ಆಗಿದ್ದರೆ ಪ್ರಾಜೆಕ್ಟಿನ ಮುಂದಿನ ಭಾಗಕ್ಕೆ ಹೋಗಬಹುದು.